ಮಾವನ ಲಾರಿ, ಷಡ್ಡಕನ ಹಾರ್ನು

ನನ್ನ ಹೆಂಡತಿಯ ತಂಗಿಯ ಗಂಡನನ್ನು ಎಲ್ಲರೂ ಬಲ್ಬು ಎಂದು ಕರೆಯುತ್ತಾರೆ. ತಲೆಯ ಮುಂಭಾಗ ಬೋಳಾಗಿ ಹೊಳೆಯುತ್ತದೆ. ಜೊತೆಗೆ ಮಾಡುವುದು ಗಾಡಿಗಳ ವೈರಿಂಗ್ ಕೆಲಸ. ಗಾಡಿಗಳಿಗೆ ಬಣ್ಣ ಹೊಡೆಯುವುದು ನನ್ನ ಕೆಲಸ. ನಾವಿಬ್ಬರೂ ಷಡ್ಡಕರು. ಅವನು ನನಗಿಂತ ಏಳು ವರ್ಷ ಚಿಕ್ಕವನು, ಅದಕ್ಕೆ ನನ್ನನ್ನು ಅಣ್ಣ ಎನ್ನುತ್ತಾನೆ. ಬಾಯಿ ತುಂಬ ಎನ್ನುತ್ತಾನೆ. ಅವನು ಹಾಗೆ ಕರೆದಾಗಲೆಲ್ಲ ನನ್ನ ಹೊಟ್ಟೆಯೊಳಗೆ ಏನೋ ಚುರುಕ್ ಎನ್ನುತ್ತದೆ. ಅದು ಪ್ರೀತಿಯಲ್ಲ, ನನಗೆ ಗೊತ್ತು.

ಅವನ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಅವನಪ್ಪನದು ಇಸ್ತ್ರಿ ಅಂಗಡಿ. ಬಲ್ಬು ಹತ್ತು ವರ್ಷದವನಿದ್ದಾಗ ಇಸ್ತ್ರಿ ಪೆಟ್ಟಿಗೆ ಶಾಕ್ ಹೊಡೆಯಿತಂತೆ. ಬೇರೆ ಮಕ್ಕಳಾಗಿದ್ದರೆ ಅಳುತ್ತಾ ಓಡುತ್ತಿದ್ದರು. ಇವನು ಅದನ್ನು ಬಿಚ್ಚಿಕೊಂಡು ಕೂತ. ಸಂಜೆ ಹೊತ್ತಿಗೆ ಸರಿ ಮಾಡಿದ. ಆಮೇಲೆ ಅವನು ಶಾಲೆಗೆ ಹೋದದ್ದು ಅಲ್ಲಿಯ ಗಂಟೆ ರಿಪೇರಿಗೆ ಮಾತ್ರ ಎಂದು ಅವನೇ ಹೇಳಿ ನಗುತ್ತಾನೆ. ಈಗ ಲಾರಿಗಳನ್ನು ತೂಕ ಹಾಕುವ ಜಾಗದ ಪಕ್ಕ ಅವನದೊಂದು ತಗಡಿನ ಶೆಡ್ಡು ಇದೆ. ಒಳಗೆ ಒಂದು ಬೆಂಚು, ಗೋಡೆಗೆ ಹಳೆಯ ಸೈಕಲ್ ರಿಮ್ಮು, ಆ ರಿಮ್ಮಿನ ಸುತ್ತ ಬಣ್ಣ ಬಣ್ಣದ ವೈರು. ಗಿರಾಕಿಗಳಿಗೆ ಕೂರಲು ಯಾವುದೋ ಕಾರಿನಿಂದ ಕಿತ್ತ ಹಿಂದಿನ ಸೀಟು. ಅವನ ಅಂಗಿಯ ಜೇಬು ಸದಾ ಹರಿದಿರುತ್ತದೆ, ಅದರಲ್ಲಿ ಸ್ಕ್ರೂಡ್ರೈವರ್ ಇಟ್ಟು ಇಟ್ಟು.

ಅವನು ಹತ್ತು ಗಂಟೆಗೆ ಬರುತ್ತೇನೆ ಎಂದರೆ ಒಂದು ಗಂಟೆಗೆ ಬರುತ್ತಾನೆ. ಬರುವ ತನಕ ಗಿರಾಕಿ ಬಾಯಿಗೆ ಬಂದ ಹಾಗೆ ಬಯ್ಯುತ್ತಿರುತ್ತಾನೆ. ಇವನು ಬಂದು "ಏನಣ್ಣ, ನನ್ನ ನೆನಪಾಗ್ತಿತ್ತಾ?" ಎನ್ನುತ್ತಾನೆ. ಅಷ್ಟಕ್ಕೇ ಆ ಮನುಷ್ಯ ನಕ್ಕು ಟೀ ತರಿಸುತ್ತಾನೆ. ನಾನು ಹತ್ತು ಗಂಟೆ ಎಂದರೆ ಒಂಬತ್ತೂವರೆಗೇ ಹೋಗುವವನು. ನನಗೆ ಇವತ್ತಿನವರೆಗೂ ಯಾರೂ ಟೀ ತರಿಸಿಲ್ಲ.

ನಮ್ಮ ಮಾವನ ಮನೆಗೆ ನಾನು ಅಳಿಯನಾಗಿ ಬಂದು ಹದಿನೆಂಟು ವರ್ಷ. ನನಗೆ ಹೆಣ್ಣು ಕೊಡುವ ಮುಂಚೆ ಅವರು ನಾಲ್ಕು ಸಲ ನಮ್ಮ ಮನೆಗೆ ಬಂದು ಹೋದರು. ನಾನು ಕೆಲಸ ಮಾಡುವ ಕಡೆ ವಿಚಾರಿಸಿದರು. ಇವನ ಮೈಯಿಂದ ಬಣ್ಣದ ತಿನ್ನರ್ ವಾಸನೆ ಎಂದಾದರೂ ಹೋಗುತ್ತದಾ ಎಂದು ನಮ್ಮಮ್ಮನನ್ನು ಕೇಳಿದರು. ಬಲ್ಬು ಬಂದು ಒಂಬತ್ತು ವರ್ಷ. ಅವನು ಮಾವನ ಲಾರಿಯ ಸೆಲ್ಫ್ ರಿಪೇರಿಗೆಂದು ಬಂದವನು. ಮೂರು ದಿನದ ಕೆಲಸ. ಮೂರನೇ ದಿನ ನಮ್ಮ ನಾದಿನಿ ಟೀ ಕೊಟ್ಟಳು. ನಾಲ್ಕನೇ ದಿನ ಕೆಲಸ ಇಲ್ಲದಿದ್ದರೂ ಬಂದ. ಆರು ತಿಂಗಳಲ್ಲಿ ಅಳಿಯನಾದ. ಯಾರೂ ಏನೂ ವಿಚಾರಿಸಲಿಲ್ಲ.

ಮಾವ ನನ್ನನ್ನು ದೊಡ್ಡಳಿಯಂದ್ರು ಎನ್ನುತ್ತಾರೆ. ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ. ಅವನನ್ನು ಮಾತ್ರ "ಎಲ್ಲಿ ಹಾಳಾಗಿ ಹೋಗಿದ್ದೆಯೋ, ಬಾ ಇಲ್ಲಿ" ಎನ್ನುತ್ತಾರೆ. ನನಗೆ ಮರ್ಯಾದೆ. ಅವನಿಗೆ ಬೈಗುಳ. ಆ ಬೈಗುಳ ಕೇಳಿದಾಗ ಮರ್ಯಾದೆಯನ್ನು ಮಡಚಿ ಎಲ್ಲಾದರೂ ಎಸೆಯೋಣ ಎನಿಸುತ್ತದೆ.

ಮಾವ ನಲವತ್ತು ವರ್ಷ ಒಂದೇ ಲಾರಿ ಓಡಿಸಿದವರು. ಉದ್ದ ಮೂತಿಯ ಹಳೆಯ ಲಾರಿ. ಅಗಲವಾದ ಸ್ಟೇರಿಂಗು, ಅದರ ನಡುವೆ ಹಾರ್ನಿನ ಕರಿ ಗುಂಡಿ. ಅವರು ಬಾಡಿಗೆ ಮುಗಿಸಿ ಬೀದಿಯ ತಿರುವಿನಲ್ಲಿ ಹಾರ್ನ್ ಒತ್ತಿದರೆ ನನ್ನ ಹೆಂಡತಿ, ನಾದಿನಿ ಇಬ್ಬರೂ ಆಟ ಬಿಟ್ಟು ಓಡಿ ಪುಸ್ತಕ ಹಿಡಿದು ಕೂರುತ್ತಿದ್ದರಂತೆ. ಪುಸ್ತಕ ಕೆಲವು ಸಲ ತಲೆಕೆಳಗಾಗಿರುತ್ತಿತ್ತಂತೆ. ಈಗ ಮಾವನ ಕಣ್ಣು ಮಂಜು. ಲಾರಿ ಮನೆ ಹಿಂದಿನ ಶೀಟಿನ ಕೆಳಗೆ ನಿಂತು ಆರು ವರ್ಷವಾಗಿತ್ತು.

ಹೋದ ವರ್ಷ ಡ್ರೈವರುಗಳ ಸಂಘದವರು ಹಳೆಯ ಗಾಡಿಗಳ ಪ್ರದರ್ಶನ ಮಾಡುತ್ತೇವೆ ಎಂದರು. ಮಾವನಿಗೂ ಒಂದು ಚೀಟಿ ಬಂತು. ಗಾಡಿ ತಾನೇ ಓಡಿಕೊಂಡು ಬರಬೇಕು. ಲೈಟು, ಬ್ರೇಕು, ಹಾರ್ನು ಮೂರೂ ಕೆಲಸ ಮಾಡಬೇಕು. ಗೇಟಿನಲ್ಲಿ ನೋಡಿಯೇ ಒಳಗೆ ಬಿಡುತ್ತಾರೆ.

ಚೀಟಿಯನ್ನು ನನ್ನ ಹೆಂಡತಿ ಓದಿ ಹೇಳಿದಳು. ಮಾವ ಎರಡು ಸಲ ಓದಿಸಿದರು.

ಇಂಜಿನ್ ಕೆಲಸ ಅವರ ಹಳೆಯ ಸ್ನೇಹಿತರೊಬ್ಬರು ಮಾಡಿಕೊಟ್ಟರು. ಬಲ್ಬು ಎಂಟು ದಿನದಲ್ಲಿ ಇಡೀ ಲಾರಿಯ ವೈರು ಬದಲಿಸಿದ. ಎಂಟನೇ ದಿನ ಹಾರ್ನ್ ಒತ್ತಿ ತೋರಿಸಿದ. ಪೋಂ ಎಂದಿತು. ಆಗ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಆಮೇಲೆ ನನ್ನ ಕೆಲಸ ಶುರುವಾಯಿತು.

ಏಳು ತಿಂಗಳು. ರಜೆ ದಿನವೆಲ್ಲ ಅಲ್ಲೇ. ನಾನು ಮೇಲೆ ಮೇಲೆ ಬಳಿಯುವವನಲ್ಲ. ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿದೆ. ಸ್ಟೇರಿಂಗಿನಿಂದ ಕೆಳಗಿಳಿಯುವ ಪೈಪು, ಅದನ್ನು ಹಿಡಿದಿಡುವ ಕಬ್ಬಿಣದ ಪಟ್ಟಿಗಳು, ಕೆಳಗಿನ ಸ್ಟೇರಿಂಗ್ ಬಾಕ್ಸು, ಒಂದೊಂದು ಬೋಲ್ಟು, ಒಂದೊಂದು ವಾಷರು. ತುಕ್ಕು ಉಜ್ಜಿದೆ, ತಗ್ಗುಗಳಿಗೆ ಪುಟ್ಟಿ ತುಂಬಿದೆ, ಪ್ರೈಮರ್ ಹೊಡೆದೆ. ಬೋಲ್ಟುಗಳನ್ನು ತಂತಿಗೆ ನೇತುಹಾಕಿ ಒಂದೊಂದಕ್ಕೂ ಮೂರು ಕೋಟು ಹೊಡೆದೆ. ಲಾರಿಗೆ ಮಸಿಯಂಥ ನೀಲಿ, ಸ್ಟೇರಿಂಗ್ ಪೈಪಿಗೆ ಹಾಲಿನ ಕೆನೆಯ ಬಣ್ಣ. ಪೈಪನ್ನು ಪಟ್ಟಿಯಿಂದ ಬಿಗಿಯುವಾಗ ಬಣ್ಣ ಉಜ್ಜಿ ಹೋಗಬಾರದೆಂದು ನಡುವೆ ರಬ್ಬರ್ ಕತ್ತರಿಸಿ ಇಟ್ಟೆ. ಯಾರಿಗೂ ಕಾಣದ ಜಾಗಕ್ಕೂ ಬಣ್ಣ ಹೊಡೆಯುವುದೇ ಕೆಲಸ ಎಂದು ನನಗೆ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದರು.

ಅತ್ತೆ ಒಂದು ದಿನ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಇದಕ್ಕೆ ಬಳಿದಿರೋದ್ರಲ್ಲಿ ಅರ್ಧ ನಮ್ಮ ಅಡಿಗೆಮನೆಗೆ ಬಳಿದಿದ್ರೆ ನಾನು ಅಲ್ಲೇ ಹಾಸಿಗೆ ಹಾಸ್ಕೊಂಡು ಮಲಗ್ತಿದ್ದೆ" ಎಂದರು.

ಮಾವ ಹತ್ತಿರ ಬಂದರು. ಬಾನೆಟ್ಟಿನ ಮೇಲೆ ಅಂಗೈ ಆಡಿಸಿದರು. ಮಡ್‌ಗಾರ್ಡಿನ ಸುತ್ತು ಮುಟ್ಟಿದರು. ಕಣ್ಣು ಮಂಜಾದವರಿಗೆ ಕೈಯೇ ಕಣ್ಣು. "ಗಾಜಿನ ಥರ ಇದೆ" ಎಂದರು. ಅವತ್ತು ರಾತ್ರಿ ನನಗೆ ಅನ್ನ ಸೇರಲಿಲ್ಲ, ಅಷ್ಟು ಸಂತೋಷ.

ಪ್ರದರ್ಶನಕ್ಕೆ ನಾಲ್ಕು ದಿನ ಇತ್ತು. ಎಲ್ಲವನ್ನೂ ಜೋಡಿಸಿ ಮುಗಿಸಿದೆ. ಲಾರಿ ಸ್ಟಾರ್ಟ್ ಆಯಿತು. ಲೈಟು ಉರಿಯಿತು. ಮಾವ ಸೀಟಿನ ಮೇಲೆ ಕೂತು ಹಾರ್ನ್ ಒತ್ತಿದರು.

ಏನೂ ಇಲ್ಲ.

ಮತ್ತೆ ಒತ್ತಿದರು. ಗುಂಡಿ ಒಳಗೆ ಹೋಗಿ ಹೊರಗೆ ಬಂತು, ಅಷ್ಟೇ. ಮಾವ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟರು.

ವೈರಿಂಗ್ ಯಾರದು? ಬಲ್ಬುವಿನದು. ನಿಜ ಹೇಳುತ್ತೇನೆ, ಒಳಗೊಳಗೇ ನನಗೆ ತಂಪಾಯಿತು.

ಅವತ್ತು ಊಟಕ್ಕೆ ಎಲ್ಲರೂ ಸೇರಿದ್ದೆವು. ಮಾವ ತಟ್ಟೆಯ ಮುಂದೆ ಕೂತು ಹೇಳಿದರು.

"ನಾನಂತೂ ಓಡ್ಸೋಕಾಗಲ್ಲ. ಪಕ್ಕದಲ್ಲಿ ಕೂರ್ತೀನಿ. ಆ ಹಾರ್ನ್ ಯಾರು ಕೂಗಿಸ್ತಾರೋ ಅವರೇ ಸ್ಟೇರಿಂಗ್ ಹಿಡೀಲಿ. ಹಾರ್ನ್ ಇಲ್ದಿದ್ರೆ ಯಾರೂ ಹಿಡಿಯೋದು ಬೇಡ. ಮನೇಲೇ ಇರೋಣ."

ನನ್ನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಆ ಸೀಟು ನನ್ನದು ಎಂದು ನಾನು ಏಳು ತಿಂಗಳಿಂದ ನಂಬಿದ್ದೆ. ಬಣ್ಣದ ಶೆಡ್ಡಿನಲ್ಲಿ ಗಾಡಿಗಳನ್ನು ಹಿಂದೆ ಮುಂದೆ ಮಾಡುವುದಕ್ಕೆ ದೊಡ್ಡ ಗಾಡಿಯ ಲೈಸೆನ್ಸು ಬೇಕೇ ಬೇಕೆಂದೇನೂ ಇರಲಿಲ್ಲ. ಆದರೂ ನಾನು ಲೈಸೆನ್ಸು ಮಾಡಿಸಿದ್ದು ಮಾವ ಎಂದಾದರೂ ಒಂದು ದಿನ ಬೀಗದ ಕೈ ಕೊಡುತ್ತಾರೆ ಎಂಬ ಆಸೆಗೆ. ಬಲ್ಬು ತಲೆ ತಗ್ಗಿಸಿ ಉಣ್ಣುತ್ತಿದ್ದ.

"ನಾಳೆ ನೋಡ್ತೀನಿ ಮಾವ" ಎಂದ.

"ನೋಡೋದೇನೋ? ಮಾಡು" ಎಂದರು ಮಾವ.

ಮಾರನೇ ದಿನ ಬೆಳಗ್ಗೆ ಅವನು ಎಂಟಕ್ಕೇ ಬಂದ. ಅವನು ಹೊತ್ತಿಗೆ ಸರಿಯಾಗಿ ಬಂದದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಹಾರ್ನನ್ನು ಬಿಚ್ಚಿ ನೇರ ಬ್ಯಾಟರಿಗೆ ಮುಟ್ಟಿಸಿದ. ಪೋಂ ಎಂದಿತು. ಹಾರ್ನ್ ಸರಿ ಇದೆ. ಸ್ಟೇರಿಂಗ್ ಗುಂಡಿ ಬಿಚ್ಚಿ ಒರೆಸಿ ಹಾಕಿದ. ಕರೆಂಟ್ ಎಲ್ಲಿಯವರೆಗೆ ಬರುತ್ತದೆ ಎಂದು ನೋಡುವ ಟೆಸ್ಟ್ ಲ್ಯಾಂಪ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ನುಗ್ಗಿದ. ಹತ್ತು ನಿಮಿಷಕ್ಕೆ ಹೊರಗೆ ಬಂದ. ಮುಖದಲ್ಲಿ ನಗು ಇರಲಿಲ್ಲ.

"ಅಣ್ಣ, ಆ ಪೈಪಿಗೆ ಹೊಡೆದ ಬಣ್ಣ ಸ್ವಲ್ಪ ಉಳಿದಿದ್ಯಾ?"

"ಯಾಕೆ?"

"ಸುಮ್ನೆ. ಸ್ಕ್ರೂಡ್ರೈವರ್ ಎಲ್ಲೋ ತಾಗ್ತು ಅನ್ಸುತ್ತೆ."

ನನಗೆ ಮೈಯೆಲ್ಲ ಉರಿಯಿತು. "ಏಳು ತಿಂಗಳು ಕೂತು ಮಾಡಿದ್ದೀನಪ್ಪಾ. ನೋಡ್ಕೊಂಡು ಕೆಲಸ ಮಾಡೋಕಾಗಲ್ವಾ?" ಎಂದೆ. ಡಬ್ಬಿಯ ತಳದಲ್ಲಿದ್ದದ್ದನ್ನು ಕೊಟ್ಟೆ. ಅವನು "ತಪ್ಪಾಯ್ತು ಅಣ್ಣ" ಎಂದ.

ಅವತ್ತೆಲ್ಲ ಅವನು ಕೆಳಗೆ ಮಲಗಿಯೇ ಇದ್ದ. ಕಾಲೆರಡು ಮಾತ್ರ ಹೊರಗೆ ಕಾಣುತ್ತಿದ್ದವು. ಮಾವ ಗಂಟೆಗೊಂದು ಸಲ ಬಂದು ಕೇಳುವುದು, ಇವನು ಒಳಗಿನಿಂದ "ಇನ್ನೂ ಸ್ವಲ್ಪ ಮಾವ" ಎನ್ನುವುದು. ಸಂಜೆ ಮಾವ ಸ್ವಲ್ಪ ಗಟ್ಟಿಯಾಗಿಯೇ ಕೇಳಿದರು.

"ಎಲ್ಲೋ ಇದೆ ತೊಂದರೆ? ನಿನಗೆ ಗೊತ್ತಾಯ್ತೋ ಇಲ್ವೋ?"

"ವೈರಿಂಗ್‌ದೇ ಮಾವ. ನಾನು ಮಾಡುವಾಗ್ಲೇ ಎಲ್ಲೋ ಎಡವಟ್ಟು ಮಾಡಿದ್ದೀನಿ."

ಅವನ ಬಾಯಿಂದಲೇ ಬಂತು. ನಾನು ಅಲ್ಲೇ ನಿಂತು ಬಾಗಿಲಿಗೆ ಬಟ್ಟೆಯಿಂದ ಪಾಲಿಶ್ ಉಜ್ಜುತ್ತಿದ್ದೆ. ಉಜ್ಜುವ ಜಾಗ ಎಂದೋ ಹೊಳೆಯುತ್ತಿತ್ತು. ಆದರೂ ಉಜ್ಜಿದೆ.

ಎರಡನೇ ದಿನವೂ ಅದೇ ಕಥೆ. ಸಂಜೆ ನಾನು ಮಾವನ ಪಕ್ಕ ಹೋಗಿ ಕೂತೆ.

"ಮಾವ, ಒಂದು ಮಾತು. ಬಸ್ ನಿಲ್ದಾಣದ ಹತ್ರ ಒಬ್ರು ವೈರಿಂಗ್ ಮೇಸ್ತ್ರಿ ಇದ್ದಾರೆ. ವಯಸ್ಸಾದೋರು, ಅನುಭವ ಇದೆ. ಕರ್ಸೋಣ್ವಾ? ಮನೆಯೋರು ಅಂತ ಸುಮ್ನಿದ್ರೆ ಹೊರಡೋ ದಿನ ಬಂದ್ಬಿಡುತ್ತೆ."

ಡ್ಯಾಶ್‌ಬೋರ್ಡಿನ ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು. ಅವನಿಗೆ ಕೇಳಿಸಿತು ಎಂದು ನನಗೆ ಗೊತ್ತಾಯಿತು. ಕೇಳಿಸಲಿ ಎಂದೇ ನಾನು ಗಟ್ಟಿಯಾಗಿ ಹೇಳಿದ್ದು.

ಮಾವ ಲಾರಿಯ ಕಡೆ ಮುಖ ತಿರುಗಿಸಿದರು. "ನಾಳೆ ಮಧ್ಯಾಹ್ನದವರೆಗೂ ನೋಡೋಣ. ಆಮೇಲೆ ಕರ್ಸಿ" ಎಂದರು.

ರಾತ್ರಿ ನಾನೂ ನನ್ನ ಹೆಂಡತಿಯೂ ನಮ್ಮ ಮನೆಗೆ ಹೊರಟೆವು. ಬಾಗಿಲು ತೆರೆಯುತ್ತಾ ಅವಳು ಹೇಳಿದಳು.

"ಪಾಪ, ಎರಡು ದಿನದಿಂದ ಲಾರಿ ಕೆಳಗೆ ಮಲಗಿ ಬಲ್ಬು ಅವರ ಬೆನ್ನೆಲ್ಲ ಕೆತ್ತಿಹೋಗಿದೆ. ನನ್ನ ತಂಗಿ ಎಣ್ಣೆ ಹಚ್ತಾ ಇದ್ಲು."

ನಾನು ಏಳು ತಿಂಗಳು ಬೆನ್ನು ಬಗ್ಗಿಸಿದ್ದಕ್ಕೆ ಯಾರೂ ಎಣ್ಣೆ ಹಚ್ಚಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಮೂರನೇ ದಿನ ನಾನು ಹನ್ನೊಂದಕ್ಕೆ ಹೋದೆ. ಬಲ್ಬು ಫೋನಿನಲ್ಲಿ ಯಾರ ಜೊತೆಯೋ ಮಾತಾಡುತ್ತಿದ್ದ. ಅವನ ಶೆಡ್ಡಿನ ಹತ್ತಿರ ಯಾವುದೋ ಲಾರಿಯ ವೈರು ಸುಟ್ಟು ಹೊಗೆ ಬರುತ್ತಿದೆಯಂತೆ.

"ಅಣ್ಣ, ಒಂದೇ ಗಂಟೆ. ಹೋಗಿ ಬಂದ್ಬಿಡ್ತೀನಿ. ಇನ್ನೇನು ಮುಗಿದೇ ಹೋಯ್ತು" ಎಂದು ಸ್ಕೂಟರ್ ಹತ್ತಿ ಹೋದ.

ಮಾವ ಒಳಗೆ ಮಲಗಿದ್ದರು. ಅತ್ತೆ ಅಡಿಗೆಮನೆಯಲ್ಲಿದ್ದರು. ನಾನು ಲಾರಿಯ ಬಾಗಿಲು ತೆಗೆದು ಡ್ಯಾಶ್‌ಬೋರ್ಡಿನ ಕೆಳಗೆ ನುಗ್ಗಿದೆ. ಏನಾದರೂ ಸಡಿಲವಾಗಿದ್ದು ನನ್ನ ಕಣ್ಣಿಗೇ ಬಿದ್ದರೆ ಸಾಕು ಎಂಬ ಆಸೆ.

ಮೊದಲು ಕಂಡದ್ದು ಸ್ಟೇರಿಂಗ್ ಪೈಪಿನ ಹಿಂದೆ, ಪಟ್ಟಿಯ ಪಕ್ಕ, ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ. ಬೇರೆಯವರಿಗೆ ಕಾಣುವುದಿಲ್ಲ. ಅದು ಮೆಷಿನ್ನಿನಿಂದ ಹೊಡೆದ ಬಣ್ಣವಲ್ಲ, ಬ್ರಷ್ಷಿನಲ್ಲಿ ಇಟ್ಟ ಬಣ್ಣ. ಮೊದಲ ದಿನ ಅವನು ನನ್ನಿಂದ ಇಸಿದುಕೊಂಡು ಹೋದದ್ದು. ಅದರಡಿಯಲ್ಲಿ ನನ್ನ ಬಣ್ಣವನ್ನು ಬೇಕೆಂದೇ ಸೂಜಿಯ ಮೊನೆಯಿಂದ ಕೆರೆದ ಗುರುತು ಇತ್ತು. ಟೆಸ್ಟ್ ಲ್ಯಾಂಪಿನ ತುದಿ ಇಡುವಷ್ಟು ಜಾಗ.

ಆಮೇಲೆ ಪಟ್ಟಿಯ ಕೆಳಗೆ ನೋಡಿದೆ. ನಾನಿಟ್ಟ ರಬ್ಬರು ಇದ್ದ ಹಾಗೇ ಇತ್ತು. ಅದರ ಅಂಚು ಎತ್ತಿದರೆ ಅಡಿಯಲ್ಲಿ, ಯಾರಿಗೂ ಕಾಣದ ಕಡೆ, ಬೆರಳಗಲ ಬಣ್ಣ ಕೆರೆದು ಕಬ್ಬಿಣ ಕಾಣುವ ಹಾಗೆ ಮಾಡಿದ್ದ. ಅಲ್ಲಿಂದ ತೆಳ್ಳನೆಯ ಒಂದು ವೈರು. ಅದನ್ನು ಡ್ಯಾಶ್‌ಬೋರ್ಡಿನ ಹಿಂದಿನಿಂದ, ಕೈ ಹೋಗದ ಸಂದಿನಲ್ಲಿ, ಎಲ್ಲಿಯೂ ಬಣ್ಣಕ್ಕೆ ತಾಗದ ಹಾಗೆ ಎಳೆದು ತಂದಿದ್ದ. ತಾಗಬಹುದಾದ ಕಡೆಯಲ್ಲೆಲ್ಲ ಬಟ್ಟೆ ಸುತ್ತಿದ್ದ.

ನಾನು ಮಲಗಿದ್ದಲ್ಲೇ ಆ ವೈರನ್ನು ಮತ್ತೊಮ್ಮೆ ತುದಿಯಿಂದ ತುದಿಗೆ ನೋಡಿದೆ.

ವೈರಿಂಗ್ ನನಗೆ ಬರುವುದಿಲ್ಲ. ಆದರೆ ಒಂದು ವಿಷಯ ನನಗೆ ಚೆನ್ನಾಗಿ ಗೊತ್ತು. ವೆಲ್ಡಿಂಗ್ ಮಾಡುವವರು ಬಂದಾಗಲೆಲ್ಲ ನನ್ನ ಬಣ್ಣ ಕೆರೆಯುತ್ತಾರೆ. ಬಣ್ಣ ಇದ್ದರೆ ಕರೆಂಟ್ ಹರಿಯುವುದಿಲ್ಲ ಎನ್ನುತ್ತಾರೆ. ಅದಕ್ಕಾಗಿ ನಾನು ಅವರ ಜೊತೆ ಎಷ್ಟು ಸಲ ಜಗಳ ಆಡಿದ್ದೇನೋ. ಹಳೆಯ ಲಾರಿಯಲ್ಲಿ ಹಾರ್ನಿಗೆ ಬರುವುದು ಒಂದೇ ವೈರು ಎಂದು ಬಲ್ಬು ವೈರು ಹಾಕುವಾಗ ಹೇಳಿದ್ದ. ಗುಂಡಿ ಒತ್ತಿದರೆ ಅದು ಪೈಪಿನ ಕಬ್ಬಿಣಕ್ಕೆ ಮುಟ್ಟಬೇಕು, ಆ ಕಬ್ಬಿಣದಿಂದ ಲಾರಿಯ ಮೈಗೆ, ಅಲ್ಲಿಂದ ಬ್ಯಾಟರಿಗೆ. ನಾನು ಪೈಪಿಗೆ ಬಣ್ಣ ಹೊಡೆದೆ, ಪಟ್ಟಿಗೆ ಹೊಡೆದೆ, ಬಾಕ್ಸಿಗೆ ಹೊಡೆದೆ, ಬೋಲ್ಟು ವಾಷರಿಗೂ ಹೊಡೆದೆ. ಸಾಲದು ಎಂದು ನಡುವೆ ರಬ್ಬರ್ ಇಟ್ಟೆ. ಹಾರ್ನಿನ ಬಾಯಿ ಮುಚ್ಚಿಸಿದ್ದು ನಾನೇ.

ಅವನಿಗೆ ಮೊದಲ ದಿನ ಹತ್ತೇ ನಿಮಿಷದಲ್ಲಿ ಗೊತ್ತಾಗಿತ್ತು. ಪೈಪಿನ ಎರಡು ಕಡೆ ಬಣ್ಣ ಕೆರೆದು ಬಿಗಿದಿದ್ದರೆ ಅರ್ಧ ಗಂಟೆಯ ಕೆಲಸ. ನನ್ನ ಬಣ್ಣ ಉಳಿಯಲಿ ಎಂದು ಎರಡು ದಿನ ಬೆನ್ನು ಕೆತ್ತಿಸಿಕೊಂಡಿದ್ದ. ಮಾವನ ಮುಂದೆ ತಪ್ಪು ತನ್ನದು ಎಂದಿದ್ದ.

ನನಗೆ ಕಣ್ಣೀರು ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂದದ್ದು ಸಿಟ್ಟು. ಕೆಲಸದಲ್ಲಿ ಗೆದ್ದ, ಮನೆಯಲ್ಲಿ ಗೆದ್ದ. ಒಳ್ಳೆಯತನ ಒಂದಾದರೂ ನನಗೆ ಉಳಿಯಬಾರದಿತ್ತೇ? ಅದನ್ನೂ ಹೊತ್ತುಕೊಂಡು ಹೋದ.

ಆ ವೈರಿನ ಇನ್ನೊಂದು ತುದಿ ನನ್ನ ಮೂಗಿನ ಮುಂದೆಯೇ ನೇತಾಡುತ್ತಿತ್ತು. ತುದಿಗೆ ಬೋಲ್ಟಿಗೆ ಸಿಕ್ಕಿಸುವ ಸಣ್ಣ ತಾಮ್ರದ ಬಳೆ ಹಾಕಿ ತಯಾರಾಗಿತ್ತು. ಪಕ್ಕದಲ್ಲಿ ಲಾರಿಯ ಮೈಗೆ ಕೂರಿಸಿದ ಬೋಲ್ಟು, ಅದರ ಮೇಲೆ ಸಡಿಲವಾದ ನಟ್ಟು. ಸ್ಪ್ಯಾನರು ಅಲ್ಲೇ ಬಿದ್ದಿತ್ತು. ಬಳೆಯನ್ನು ಬೋಲ್ಟಿಗೆ ಹಾಕಿ ನಟ್ ಬಿಗಿದರೆ ಮುಗಿಯಿತು.

ನಾನು ಬಿಗಿದೆ.

ಮೇಲೆದ್ದು ಸೀಟಿನಲ್ಲಿ ಕೂತು ಹಾರ್ನ್ ಒತ್ತಿದೆ. ಬೀದಿಯ ಹಕ್ಕಿಗಳೆಲ್ಲ ಹಾರಿದವು. ಅತ್ತೆ ಸೌಟು ಹಿಡಿದೇ ಓಡಿ ಬಂದರು. ಮಾವ ಗೋಡೆ ಹಿಡಿದುಕೊಂಡು, ಬರಿಗಾಲಿನಲ್ಲಿ ಬಂದರು.

"ಯಾರು? ಯಾರು ಒತ್ತಿದ್ದು?"

"ದೊಡ್ಡಳಿಯಂದ್ರು ಕಣ್ರೀ!" ಎಂದರು ಅತ್ತೆ.

"ನೀವೇ ಸರಿ ಮಾಡಿದ್ರಾ?"

ನಾನು ಹೂಂ ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಇನ್ನೊಂದು ಸಲ ಹಾರ್ನ್ ಒತ್ತಿದೆ.

ಅಷ್ಟರಲ್ಲಿ ಬಲ್ಬು ಬಂದ. ಹಾರ್ನ್ ಸದ್ದು ಅವನಿಗೆ ರಸ್ತೆಯಲ್ಲೇ ಕೇಳಿಸಿತ್ತು. ಬಾಗಿಲ ಹತ್ತಿರ ನಿಂತು ಬಗ್ಗಿ ಆ ನಟ್ ನೋಡಿದ. ನನ್ನ ಮುಖ ನೋಡಿದ. ಸ್ಪ್ಯಾನರು ಇನ್ನೂ ನನ್ನ ಕೈಯಲ್ಲೇ ಇತ್ತು.

"ಎಲ್ಲಿತ್ತಂತೆ ತೊಂದರೆ?" ಮಾವ ನನ್ನನ್ನೇ ಕೇಳಿದರು.

ನಾನು ಸ್ಪ್ಯಾನರನ್ನು ಸೀಟಿನ ಪಕ್ಕಕ್ಕೆ ಇಟ್ಟೆ. ಅವನೇ ಉತ್ತರ ಕೊಟ್ಟ.

"ಒಂದು ನಟ್ ಲೂಸ್ ಇತ್ತು ಮಾವ. ನಾನು ಬಿಗಿಯೋದು ಮರ್ತಿದ್ದೆ. ಅಣ್ಣ ಬಿಗಿದ್ರು, ಆಯ್ತು."

"ಎರಡು ದಿನದಿಂದ ಅದು ಕಾಣ್ಲಿಲ್ವೇನೋ ನಿನಗೆ? ಎಮ್ಮೆ!"

"ಎಮ್ಮೆಗೆ ಕೆಳಗೆ ನುಗ್ಗಿ ನೋಡೋದು ಕಷ್ಟ ಮಾವ" ಎಂದ. ಎಲ್ಲರೂ ನಕ್ಕರು. ಮಾವ ಅವನ ಬೋಳು ತಲೆಗೆ ಒಂದು ಮೊಟಕಿದರು. ಹಾರ್ನ್ ಸರಿ ಮಾಡಿದವನು ನಾನು ಎಂದಾಗಿದ್ದರೂ ಮಾವನ ಕೈ ಹೋದದ್ದು ಅವನ ತಲೆಗೆ.

ರಾತ್ರಿ ಹಾಸಿಗೆ ಹಾಸುತ್ತಾ ನನ್ನ ಹೆಂಡತಿ ಕೇಳಿದಳು.

"ನಿಮಗೆ ವೈರು ಯಾವ್ದು ದಾರ ಯಾವ್ದು ಗೊತ್ತಾಗಲ್ಲ. ಹೆಂಗ್ರೀ ಸರಿ ಮಾಡಿದ್ರಿ?"

"ನಿದ್ದೆ ಮಾಡು" ಎಂದೆ.

ಭಾನುವಾರ ಹೊರಟೆವು. ಸ್ಟೇರಿಂಗ್ ನನ್ನ ಕೈಯಲ್ಲಿ. ಪಕ್ಕದಲ್ಲಿ ಮಾವ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಉಳಿದವರೆಲ್ಲ ಹಿಂದೆ, ಬೆಂಚು ಹಾಕಿಕೊಂಡು ಕೂತಿದ್ದರು. ಬಲ್ಬು ನಡುವೆ ನಿಂತು ಏನೋ ಹೇಳುತ್ತಿದ್ದ. ಕನ್ನಡಿಯಲ್ಲಿ ನೋಡಿದರೆ ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಇಂಜಿನ್ ಸದ್ದು.

ದೊಡ್ಡ ರಸ್ತೆಗೆ ಬಂದಾಗ ಮಾವ "ಹೊಡೀರಿ ಹಾರ್ನು" ಎಂದರು. ಹೊಡೆದೆ. ಅವರು ಕಣ್ಣು ಮುಚ್ಚಿದರು.

"ಇದನ್ನ ಇನ್ನೊಂದ್ಸಲ ಕೇಳ್ತೀನಿ ಅಂದ್ಕೊಂಡಿರ್ಲಿಲ್ಲ ಕಣ್ರೀ. ನಿಮ್ಮ ಕೈ ಚಿನ್ನದ್ದು. ಅದೊಂದು ಕೆಲಸಕ್ಕೆ ನಾನು ಸಾಯೋವರೆಗೂ ನಿಮ್ಮನ್ನ ನೆನೀತೀನಿ."

ಹದಿನೆಂಟು ವರ್ಷ ಕಾದ ಮಾತು. ಬಂತು. ಬಣ್ಣಕ್ಕೆ ಬಂದಿದ್ದರೆ ಹಾಗೇ ಇಟ್ಟುಕೊಳ್ಳುತ್ತಿದ್ದೆ. ಬಂದದ್ದು ಹಾರ್ನಿಗೆ. ಕೊಟ್ಟದ್ದು ನನ್ನ ಕೈಗೆ, ವಿಳಾಸ ಅವನದು. ನನ್ನ ಕೈಯೊಳಗಿದ್ದ ಮಾತಿನ ಮೇಲೆಯೇ ನನಗೆ ಹೊಟ್ಟೆಕಿಚ್ಚಾಯಿತು.

"ಮಾವ" ಎಂದೆ. "ಹಾರ್ನ್ ಸರಿ ಮಾಡಿದ್ದು ನಾನಲ್ಲ. ನಾನು ಬಿಗಿದಿದ್ದು ಒಂದು ನಟ್ಟು. ಎಲ್ಲ ಅವನೇ ಮಾಡಿಟ್ಟು ಹೋಗಿದ್ದ. ಕೆಡಿಸಿದ್ದು ನಾನು. ಬಣ್ಣ ಹೊಡೆದು ಹೊಡೆದು ಕರೆಂಟ್ ಹೋಗೋ ದಾರಿಯೆಲ್ಲ ಮುಚ್ಚಿದ್ದೆ."

ಮಾವ ಕಣ್ಣು ತೆರೆದರು. ರಸ್ತೆಯ ಕಡೆ ಮುಖ ಮಾಡಿದರು. ಆಮೇಲೆ ಅವರ ಭುಜ ಅಲುಗಾಡತೊಡಗಿತು. ನಗುತ್ತಿದ್ದರು.

"ನಲವತ್ತು ವರ್ಷ ಕೆಸರು, ಧೂಳು, ಉಪ್ಪು, ಸಿಮೆಂಟು ಎಲ್ಲ ತುಂಬ್ಕೊಂಡು ಓಡಾಡ್ದೆ. ಯಾವುದಕ್ಕೂ ಇದು ಬಾಯಿ ಮುಚ್ಚಿರ್ಲಿಲ್ಲ. ಚಂದ ಮಾಡಿದ್ದಕ್ಕೆ ಮುಚ್ಕೊಂಡ್ಬಿಡ್ತಾ?"

"ಹೂಂ ಮಾವ."

"ಮುಂದೆ ನೋಡಿ ಓಡ್ಸಿ, ಎತ್ತಿನಗಾಡಿ ಬರ್ತಿದೆ." ಅದನ್ನು ದಾಟಿದ ಮೇಲೆ ಹೇಳಿದರು. "ಪಕ್ಕಕ್ಕೆ ಹಾಕಿ. ಆ ಎಮ್ಮೆನ ಮುಂದಕ್ಕೆ ಕರೀರಿ."

ಕರೆಯಲು ನನಗೆ ಮನಸ್ಸಿರಲಿಲ್ಲ. ಆದರೂ ಇಳಿದು ಹಿಂದೆ ಹೋದೆ. ಎಲ್ಲರೂ ಏನಾಯಿತೋ ಎಂದು ನೋಡಿದರು.

"ಬಾ, ನೀನೇ ಓಡ್ಸು. ಮಾವನಿಗೆ ಎಲ್ಲ ಹೇಳ್ದೆ" ಎಂದೆ.

ಬಲ್ಬು ಬೆಂಚು ಹಿಡಿದುಕೊಂಡ. "ನಾನಾ? ನನ್ನ ಹತ್ರ ಇರೋದು ಸ್ಕೂಟರ್ ಲೈಸೆನ್ಸು ಅಣ್ಣ. ಇದನ್ನ ಓಡ್ಸಿದ್ರೆ ಎಲ್ರನ್ನೂ ಸೀದಾ ಗುಂಡಿಗೆ ಇಳಿಸ್ತೀನಿ."

"ಮತ್ತೆ ಹಾರ್ನ್ ಕೂಗಿಸಿದೋರೇ ಓಡಿಸ್ಬೇಕು ಅಂತ ಮಾವ ಹೇಳಿದಾಗ ಬಾಯಿ ಬಿಡೋಕೇನಾಗಿತ್ತು?"

"ಊಟ ಮಾಡ್ತಿದ್ದೆ."

"ಎರಡು ದಿನ ಕೆಳಗೆ ಬಿದ್ದು ಒದ್ದಾಡಿದ್ದು ಯಾಕೆ ಹಾಗಾದ್ರೆ?"

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹಾರ್ನ್ ಕೂಗ್ಬೇಕಿತ್ತಲ್ಲ ಅಣ್ಣ" ಎಂದ.

ನಾನು ಅವನನ್ನೇ ನೋಡಿದೆ. ನಾಲ್ಕು ದಿನ ನಾನು ಯಾವ ಸೀಟಿಗಾಗಿ ಹಲ್ಲು ಕಡಿದೆನೋ ಆ ಸೀಟು ಅವನಿಗೆ ಬೇಕೇ ಇರಲಿಲ್ಲ. ಬೇಕು ಎಂದು ಅನ್ನಿಸದೆ ಇರುವುದು ಹೇಗೆ ಎಂದು ನನಗೆ ಇವತ್ತಿಗೂ ತಿಳಿಯದು. ಅವನಲ್ಲಿರುವ ಎಲ್ಲಕ್ಕಿಂತ ನನಗೆ ಹೆಚ್ಚು ಹೊಟ್ಟೆ ಉರಿಯುವುದು ಅದಕ್ಕೇ.

ಬಲ್ಬು ಮುಂದೆ ಬಂದು ನಮ್ಮಿಬ್ಬರ ನಡುವೆ ಕೂತ. ಗೇರ್ ಹಾಕುವಾಗ ಪ್ರತಿ ಸಲ ಅವನ ಮೊಣಕಾಲು ಅಡ್ಡ ಬರುತ್ತಿತ್ತು. ಮಾವ ಅವನನ್ನು ಬಯ್ಯುತ್ತಾ ಇದ್ದರು. ಹೀಗೆ ಗೇಟಿಗೆ ಬಂದೆವು. ಅಲ್ಲಿ ಕೈಯಲ್ಲಿ ಕಾಗದ ಹಿಡಿದ ಒಬ್ಬರು ಲೈಟ್ ನೋಡಿದರು, ಬ್ರೇಕ್ ನೋಡಿದರು.

"ಹಾರ್ನು?"

ನನ್ನ ಎರಡೂ ಕೈ ಸ್ಟೇರಿಂಗ್ ಮೇಲಿತ್ತು. ಬಲ್ಬು ಕೈ ಚಾಚಿ ನನ್ನ ಕೈಗಳ ನಡುವೆ ಗುಂಡಿ ಒತ್ತಿದ. ಬಿಡಲೇ ಇಲ್ಲ. ಮೈದಾನದಲ್ಲಿ ನಿಂತಿದ್ದ ಜನವೆಲ್ಲ ತಿರುಗಿದರು. ಹಳೆಯ ಡ್ರೈವರುಗಳು ಕೈ ಬೀಸಿದರು, ಯಾರೋ ಶಿಳ್ಳೆ ಹೊಡೆದರು. ಕೊನೆಗೆ ಬಲ್ಬು ಗುಂಡಿ ಬಿಟ್ಟು, ಬೋಳು ತಲೆಯನ್ನು ಕಿಟಕಿಯ ಕಡೆ ಚಾಚಿ ಎಲ್ಲರಿಗೂ ಕೈ ಮುಗಿದ. ಮಾವ ತೊಡೆ ತಟ್ಟಿಕೊಂಡು ನಕ್ಕರು. ಯಾರೂ ನನ್ನನ್ನು ನೋಡಲಿಲ್ಲ.

ಒಬ್ಬ ಮುದುಕರು ಮಾತ್ರ ನನ್ನ ಕಡೆಯ ಬಾಗಿಲ ಹತ್ತಿರ ಬಂದು, ಬಣ್ಣದಲ್ಲಿ ತಮ್ಮ ಮುಖ ನೋಡಿಕೊಂಡು, ಬೆರಳು ಚಾಚಿದರು.

"ಮುಟ್ಬೇಡ್ರೀ" ಎಂದೆ. ಆಮೇಲೆ ಅವರ ಮುಖ ನೋಡಿ, "ಪರವಾಗಿಲ್ಲ, ಮುಟ್ಟಿ. ಮೂರು ಕೋಟು ಹೊಡೆದಿದ್ದೀನಿ" ಎಂದೆ.